ಕೊಕ್ಕರೆಯ ತಲೆಯ ನೆಗ್ಗು

ಅವತ್ತು ಮಂಗಳವಾರ. ವಿಶೇಷ ಏನೂ ಇರಲಿಲ್ಲ. ಆಂಜನಮ್ಮ ಅವರೆಕಾಳು ಸಾರು ಮಾಡಿದ್ದಳು. ಉಪ್ಪು ಒಂದು ಚೂರು ಮುಂದಾಗಿತ್ತು. ಮುನಿರಾಜಪ್ಪ ಎರಡು ಮುದ್ದೆ ಮುಗಿಸಿ ಮೂರನೆಯದಕ್ಕೆ ತಟ್ಟೆ ಚಾಚಿದ.

"ಉಪ್ಪು ಜಾಸ್ತಿ," ಅಂದ.

"ಜಾಸ್ತಿ ಆದ್ಮೇಲೆ ಮೂರನೇದು ಯಾಕ್ರೀ?"

"ಮುದ್ದೆಗೆ ಉಪ್ಪಿಲ್ವಲ್ಲ. ಇನ್ನೊಂದು ಹಾಕು, ಸರಿಹೋಗುತ್ತೆ."

ಇಬ್ಬರೂ ಕೂಗಿಕೊಂಡೇ ಮಾತಾಡುತ್ತಿದ್ದರು. ಮೂವತ್ತೈದು ವರ್ಷ ಮರ ಕೊಯ್ಯುವ ಮಿಷನ್ ಹಿಡಿದವನ ಕಿವಿ ಅರ್ಧ ಹೋಗಿತ್ತು. ಅವನಿಗೆ ಕೇಳಿಸಲಿ ಅಂತ ಇವಳೂ ಗಂಟಲು ಏರಿಸಿ ಅಭ್ಯಾಸ ಮಾಡಿಕೊಂಡಿದ್ದಳು. ಹಲಸೂರಿನ ಆ ಗಲ್ಲಿಗೆ ಹೊಸದಾಗಿ ಬಾಡಿಗೆಗೆ ಬಂದವರು, ಈ ಮನೆಯಲ್ಲಿ ದಿನಾ ಜಗಳ ಅಂದುಕೊಳ್ಳುತ್ತಿದ್ದರು. ಒಂದು ತಿಂಗಳು ಕಳೆದ ಮೇಲೆ ಗೊತ್ತಾಗುತ್ತಿತ್ತು, ಅದು ಸಾರಿನ ಮಾತು ಅಂತ.

ಊಟದ ಮಧ್ಯೆ ಫೋನು ಬಂತು. ಮುನಿರಾಜಪ್ಪ ಎಂಜಲು ಕೈಯಲ್ಲೇ ಎದ್ದು ಹೊರಗೆ ಹೋದ. ವಾಪಸ್ಸು ಬಂದಾಗ ಮುಖದಲ್ಲಿ ನಗು ನಿಲ್ಲುತ್ತಿಲ್ಲ.

"ಯಾರು?"

"ಗೊರವಂಕ."

"ಏನಂತೆ?"

"ಕೊಕ್ಕರೆ ಸುಳಿವು ಸಿಕ್ಕಿದೆ ಕಣೆ."

ಆಂಜನಮ್ಮ ಸೌಟು ಹಿಡಿದುಕೊಂಡೇ ನಿಂತಳು. "ನಿಜವಾಗ್ಲೂ? ಎಲ್ಲಿ?"

"ಹೇಳಲ್ಲ. ನಾಳೆ ತಂದು ಎದುರಿಗೆ ಇಡ್ತೀನಿ. ಆಗ ನೋಡು."

ಅಷ್ಟೇ. ಮಧ್ಯಾಹ್ನ ಮಲಗಿದ. ಸಂಜೆ ಕೆರೆ ಕಡೆ ಒಂದು ಸುತ್ತು ಹೋಗಿ ಬಂದ. ಮಲಗುವ ಮುಂಚೆ ಹಲಗೆಯ ಮೇಲೆ ಎಂಟನೆಯ ಜಾಗವನ್ನು ಬಟ್ಟೆಯಲ್ಲಿ ಒರೆಸಿದ. ಬೆಳಿಗ್ಗೆ ಹಾಲು ತರೋಕೆ ಹೋದವನು ಬೂತಿನ ಮುಂದೆ ಎದೆ ಹಿಡಿದುಕೊಂಡು ಕೂತ. ಕೂತವನು ಏಳಲಿಲ್ಲ. ಫೋನು ಕೈಜಾರಿ ಮೋರಿಗೆ ಬಿತ್ತು. ಹಾಲಿನ ಪ್ಯಾಕೆಟ್ಟು ಮಾತ್ರ ತೊಡೆಯ ಮೇಲೆ ಹಾಗೇ ಇತ್ತು, ಒಡೆದಿರಲಿಲ್ಲ.

*

ಬೇರೆಯವರ ಮನೆಯ ಮುಂದಿನ ಕೋಣೆಯಲ್ಲಿ ಶೋಕೇಸು ಇರುತ್ತೆ, ಗೊಂಬೆ ಇರುತ್ತೆ. ಇವರ ಮನೆಯಲ್ಲಿ ಉದ್ದಕ್ಕೆ ಒಂದು ತೇಗದ ಹಲಗೆ, ಅದರ ಮೇಲೆ ಏಳು ಮಿಷನ್ನು. ಎಲ್ಲಾ ಹಳೆಯವು. ಈಗಿನವು ಪ್ಲಾಸ್ಟಿಕ್ ಮೈಯವು, ಒಂದೇ ಕೈಯಲ್ಲಿ ಎತ್ತಬಹುದು. ಇವು ಕಬ್ಬಿಣದ ಕರುಗಳು. ಎತ್ತಿದರೆ ಸೊಂಟ ಹಿಡಿಯುತ್ತೆ. ಮರ ಕೊಯ್ಯುವ ಕೆಲಸ ಬಿಟ್ಟ ಮೇಲೆ ಮುನಿರಾಜಪ್ಪ ಗುಜರಿ ಅಂಗಡಿ, ಮರದ ಡಿಪೋ, ಹರಾಜು ಅಂತ ಅಲೆದು ಒಂದೊಂದಾಗಿ ತಂದವು. ಸತ್ತ ಮಿಷನ್ನು ತರುತ್ತಿದ್ದ, ಬಿಚ್ಚುತ್ತಿದ್ದ, ತೊಳೆಯುತ್ತಿದ್ದ, ಒಂದು ದಿನ ಅದು ಕೂಗುತ್ತಿತ್ತು. ಕೂಗಿದ ದಿನ ಅದಕ್ಕೆ ಕುಂಕುಮ ಇಟ್ಟು ಹೆಸರು.

ಹೆಸರೆಲ್ಲಾ ಹಕ್ಕಿಯವು. ಹಸಿರು ಬಣ್ಣದ್ದು ಗಿಣಿ. ಮುಂದೆ ಎರಡು ಗುಂಡು ಮುಚ್ಚಳ ಇರುವುದು ಗೂಬೆ. ಕಪ್ಪು ಬಣ್ಣದ್ದು ಕಾಜಾಣ. ಮಿಷನ್ನು ಹಾಳಾಗಲಿ, ಮನುಷ್ಯರಿಗೂ ಅದೇ. ಹಾಲು ಬೂತಿನವನು ಬಾತುಕೋಳಿ. ಗುಜರಿ ಅಂಗಡಿಯ ಒಬ್ಬ ಹೆಂಗಸು ಬಾಯಿ ಮುಚ್ಚುವುದಿಲ್ಲವಂತೆ, ಅವಳು ಗೊರವಂಕ. ನಿಜವಾದ ಹೆಸರು ಅವನ ಬಾಯಲ್ಲಿ ಬರುತ್ತಲೇ ಇರಲಿಲ್ಲ.

ಇನ್ನೊಂದು ಚಾಳಿ ಇತ್ತು. ಮಾತು ಸಾಲದೆ ಬಂದಾಗ ಮಿಷನ್ನಿನ ಸದ್ದನ್ನೇ ಬಾಯಲ್ಲಿ ಮಾಡಿ ತೋರಿಸುತ್ತಿದ್ದ. ಗಿಣಿಯದು ಒಂದು ಥರ, ಗೂಬೆಯದು ಇನ್ನೊಂದು ಥರ. ಕೊಕ್ಕರೆಯದು ಎಲ್ಲಕ್ಕಿಂತ ಬೇರೆ. ಮೊದಲು ಎರಡು ಸಲ ಕೆಮ್ಮಬೇಕು, ಆಮೇಲೆ ಒಂದು ಬಿಕ್ಕಳಿಕೆ, ಆಮೇಲೆ ಹೊಟ್ಟೆಯೊಳಗಿಂದ ಎದ್ದು ಬರುವ ಗರ್ಜನೆ. "ಖೊಹ್ ಖೊಹ್... ಹಿಕ್... ಗ್ರಾಂ‌ಂ‌ಂ‌ಂ." ಮುತ್ತುಗದ ಎಲೆ ಹೆಣೆಯುತ್ತಾ ಕೂತ ಆಂಜನಮ್ಮ, "ಸಾಕು ಸುಮ್ನಿರ್ರೀ, ಪಕ್ಕದ ಮನೆ ಮಗು ಎದ್ದುಬಿಡುತ್ತೆ," ಅನ್ನುತ್ತಿದ್ದಳು. ಒಂದೊಂದು ಸಲ ಸುಮ್ಮನೆ ಇರಲಾರದೆ ತಾನೂ ಮಾಡುತ್ತಿದ್ದಳು. ಅವನಿಗಿಂತ ಚೆನ್ನಾಗಿ ಬರುತ್ತಿತ್ತು.

ಕೊಕ್ಕರೆ ಹಲಗೆಯ ಮೇಲೆ ಇರಲಿಲ್ಲ. ಎಂಟನೆಯ ಜಾಗ ಅದಕ್ಕೇ ಬಿಟ್ಟಿದ್ದು.

ಅದು ಅವನು ಕೈ ಹಿಡಿದ ಮೊದಲ ಮಿಷನ್ನು. ಅವನದಲ್ಲ, ಮೇಸ್ತ್ರಿ ಅಮೃತಪ್ಪನದು. ಮಿಲಿಟರಿಯವರ ಹರಾಜಿನಲ್ಲಿ ಹಿಡಿದದ್ದು. ಮುಂದಿನ ಕೊಯ್ಯುವ ಪಟ್ಟಿ ಕೊಕ್ಕರೆಯ ಕೊಕ್ಕಿನ ಹಾಗೆ ಉದ್ದ. ಆಗ ಆಂಜನಮ್ಮನಿಗೆ ಹತ್ತೊಂಬತ್ತು. ಕೃಷ್ಣರಾಜಪುರದಲ್ಲಿ ಅವಳ ಅಪ್ಪನ ಮನೆಯ ಮುಂದೆ ಒಂದು ಹೊಂಗೆಮರ. ರಸ್ತೆ ಅಗಲ ಮಾಡುತ್ತಾರೆ ಅಂತ ಅಮೃತಪ್ಪನ ಕಡೆಯವರು ಕೊಯ್ಯೋಕೆ ಬಂದರು. ಮಿಷನ್ ಹಿಡಿದವನು ತೆಳ್ಳಗಿನ ಒಬ್ಬ ಹುಡುಗ, ಮೀಸೆ ಈಗಷ್ಟೇ ಮೂಡಿದೆ. ಆಂಜನಮ್ಮ ಹಸುವಿಗೆ ಕಲಗಚ್ಚು ಕೊಟ್ಟು ಬರುತ್ತಿದ್ದವಳು, ಮರದ ಮೇಲೆ ಗೂಡು ಕಂಡಳು. ಗೂಡಲ್ಲಿ ಮರಿ. ಕೂಗಿದಳು. ಮಿಷನ್ನಿನ ಸದ್ದಲ್ಲಿ ಯಾರಿಗೂ ಕೇಳಿಸಲಿಲ್ಲ. ಮತ್ತೆ ಕೂಗಿದಳು. ಆಮೇಲೆ ಕೈಯಲ್ಲಿದ್ದ ಹಿತ್ತಾಳೆ ಚೊಂಬನ್ನು ಬೀಸಿ ಎಸೆದಳು. ಹುಡುಗನ ತಲೆಗೆ ಅಂತ ಎಸೆದದ್ದು. ಅದು ಮಿಷನ್ನಿನ ತಲೆಗೆ, ಮೇಲಿನ ತಗಡಿನ ಮುಚ್ಚಳಕ್ಕೆ ಬಿತ್ತು. ಠಣ್! ಮುಚ್ಚಳ ನೆಗ್ಗಿತು. ಚೊಂಬಿನ ಹೊಟ್ಟೆಯೂ ನೆಗ್ಗಿತು. ಮಿಷನ್ನು ನಿಂತಿತು.

"ಮರಿ ಇದೆ! ಕಣ್ಣು ಕಾಣಲ್ವಾ ನಿನಗೆ?"

ಹುಡುಗ ಮೇಲೆ ನೋಡಿದ. ಕೆಳಗೆ ಅವಳನ್ನು ನೋಡಿದ. ಮರ ಹತ್ತಿ, ಗೂಡನ್ನು ಟವಲ್ಲಿನಲ್ಲಿ ಇಳಿಸಿ, ಆಚೆ ಮನೆಯ ಸಂಪಿಗೆ ಮರಕ್ಕೆ ಕಟ್ಟಿ ಬಂದ. ಅವತ್ತಿನಿಂದ ಅವನು ಎಲ್ಲಿ ಮರ ಕೊಯ್ಯಬೇಕಾದರೂ ಹಿಂದಿನ ಸಂಜೆ ಒಬ್ಬನೇ ಹೋಗುತ್ತಿದ್ದ. ಬುಡಕ್ಕೆ ಅರಿಶಿನ ಕುಂಕುಮ ಇಟ್ಟು, ಮೇಲೆ ನೋಡಿ, "ನಾಳೆ ಬರ್ತೀವಿ. ಜಾಗ ಬಿಡಿ," ಅಂತ ಹಕ್ಕಿಗಳಿಗೆ ಹೇಳಿ ಬರುತ್ತಿದ್ದ. ಜೊತೆಯವರು ನಗುತ್ತಿದ್ದರು. ನಗಲಿ ಬಿಡು ಅನ್ನುತ್ತಿದ್ದ.

ಹದಿನೈದು ದಿನಕ್ಕೆ ಅಮೃತಪ್ಪ ಹೆಣ್ಣು ಕೇಳಿಕೊಂಡು ಬಂದ. "ಚೊಂಬು ಎಸೆದ ಹುಡುಗಿ ಯಾರು?" ಅಂತಲೇ ಕೇಳಿದ್ದು. ಮದುವೆಯಲ್ಲಿ ಅಪ್ಪ ಹೊಸ ಚೊಂಬು ಕೊಡುತ್ತೀನಿ ಅಂದರೂ ಆಂಜನಮ್ಮ ಆ ನೆಗ್ಗಿದ್ದನ್ನೇ ತಂದಳು.

ಎಷ್ಟೋ ವರ್ಷದ ಮೇಲೆ ಅಮೃತಪ್ಪ ಕೆಲಸ ನಿಲ್ಲಿಸಿದ. ಕೊಕ್ಕರೆ ಯಾವುದೋ ಡಿಪೋಗೆ ಹೋಯಿತು, ಅಲ್ಲಿಂದ ಎಲ್ಲಿಗೋ. ಮುನಿರಾಜಪ್ಪ ಹುಡುಕಿಯೇ ಹುಡುಕಿದ. ಅದೇ ಕಂಪನಿಯ ಬೇರೆ ಮಿಷನ್ನು ಎರಡು ಸಲ ಸಿಕ್ಕಿತ್ತು. ಬೇಡ ಅಂದ. "ತಲೆ ಮೇಲೆ ನೆಗ್ಗಿರಬೇಕು," ಅಂದ.

"ಎಸೆದವಳನ್ನೇ ಮನೇಲಿ ಇಟ್ಕೊಂಡಿದೀರ. ನೆಗ್ಗು ಯಾಕ್ರೀ ನಿಮಗೆ?" ಅಂತ ಅವಳು ಚುಚ್ಚುತ್ತಿದ್ದಳು.

"ನೀನು ಆಮೇಲೆ ಎಸೆದದ್ದೆಲ್ಲಾ ನನ್ ಮೇಲೇ ಬಿತ್ತು. ಗುರುತು ಉಳಿದದ್ದು ಅದೊಂದರ ಮೇಲೇ," ಅನ್ನುತ್ತಿದ್ದ.

*

ಹನ್ನೊಂದನೆಯ ದಿನ ಮುಗಿಯಿತು. ಬಂದವರು ಹೋದರು. ಮಗಳು ಹಂಸ ಉಳಿದಳು. ಅವಳ ಮನೆ ಸಿ.ವಿ. ರಾಮನ್ ನಗರದಲ್ಲಿ. ಒಳ್ಳೆಯ ಹುಡುಗಿ. ಆದರೆ ಅಳುವುದರ ಬದಲು ಮನೆ ಗುಡಿಸುವವಳು.

"ಅಮ್ಮ, ನನ್ ಜೊತೆ ಬಂದ್ಬಿಡು. ಇವನ್ನೆಲ್ಲಾ ಯಾರಿಗಾದ್ರೂ ಕೊಟ್ಬಿಡೋಣ. ಈ ಎಣ್ಣೆ ವಾಸನೇಲಿ ಹೆಂಗೆ ಮಲಗ್ತೀಯ?"

"ಆ ವಾಸನೆ ಇಲ್ದಿದ್ರೆ ನಿದ್ದೆ ಬರಲ್ಲ."

"ಹಠ ಮಾಡಬೇಡ."

"ಹಠ ಅಲ್ಲ. ಕೊಕ್ಕರೆ ಸಿಕ್ಕಿದೆ ಅಂದಿದ್ರು. ಆ ಜಾಗ ತುಂಬಲಿ. ಆಮೇಲೆ ಬರ್ತೀನಿ."

"ಎಲ್ಲಿ ಅಂತ ಗೊತ್ತಾ ನಿನಗೆ?"

ಗೊತ್ತಿರಲಿಲ್ಲ. ಮೋರಿಯಿಂದ ತೆಗೆದ ಫೋನನ್ನು ಹಂಸ ಎರಡು ಅಂಗಡಿಗೆ ತೋರಿಸಿದಳು. ಒಳಗೆಲ್ಲಾ ನೀರು, ಏನೂ ಆಗಲ್ಲ ಅಂದರು. ಆಂಜನಮ್ಮನಿಗೆ ಉಳಿದದ್ದು ಎರಡು ಹೆಸರು. ಕೊಕ್ಕರೆ, ಗೊರವಂಕ. ಎರಡೂ ಅವನು ಇಟ್ಟದ್ದು. ಅವನ ಬಾಯಿ ಬಿಟ್ಟರೆ ಇನ್ನೆಲ್ಲೂ ಇಲ್ಲದ್ದು.

ಹಂಸ ವಾಪಸ್ಸು ಹೋದಳು, ಭಾನುವಾರಕ್ಕೊಮ್ಮೆ ಬಂದು ಹೋಗುತ್ತಿದ್ದಳು. ಆಂಜನಮ್ಮ ಮೂರು ತಿಂಗಳು ಮನೆಯಿಂದ ಹೊರಗೆ ಕಾಲಿಡಲಿಲ್ಲ. ಆಮೇಲೆ ಒಂದು ದಿನ ಮೆಟ್ರೋ ಹತ್ತಿ ಕೃಷ್ಣರಾಜಪುರಕ್ಕೆ, ಅಮೃತಪ್ಪನ ಮನೆಗೆ ಹೋದಳು. ಎಂಬತ್ತು ದಾಟಿದ ಮುದುಕ ಜಗಲಿಯ ಮೇಲೆ ಕೂತಿದ್ದ. ಮುನಿರಾಜಪ್ಪನಿಗೆ ಅರ್ಧ ಕಿವಿ ಇದ್ದರೆ ಇವನಿಗೆ ಅದೂ ಇಲ್ಲ.

"ಕೊಕ್ಕರೆ ಎಲ್ಲಿ ಹೋಯ್ತು ಮೇಸ್ತ್ರಿ?"

"ಊಟ ಆಯ್ತಮ್ಮ."

"ಮಿಷನ್ನು! ನಿಮ್ ಹಳೇ ಮಿಷನ್ನು! ಅದರ ಕಂಪನಿ ಹೆಸರೇನು?"

ಕೈಸನ್ನೆ ಮಾಡಿ, ಕೂಗಿ, ಕೊನೆಗೆ ಅರ್ಥವಾಯಿತು. ಮುದುಕ ಯೋಚನೆ ಮಾಡಿದ.

"ಹೆಸರಾ? ಮಿಷನ್ನು ಅಂತಿದ್ವಿ. ಒಂದೇ ಇತ್ತಲ್ಲ, ಹೆಸರು ಯಾಕೆ ಬೇಕು?" ಅಂದ. ಅವನೇ ಮುಂದುವರಿಸಿದ. "ಮುನಿರಾಜ ಹೋದ ವರ್ಷ ಬಂದಿದ್ದ. ಡಿಪೋದವರು ಶಿವಾಜಿನಗರದ ಗುಜರಿಗೆ ಹಾಕಿದ್ರು ಅಂತ ಅವನೇ ಪತ್ತೆ ಮಾಡ್ಕೊಂಡಿದ್ದ." ಆಮೇಲೆ ಅವಳ ಹಣೆ ನೋಡಿದ. ಕುಂಕುಮ ಇಲ್ಲದ್ದು ಆಗ ಕಂಡಿತು. ಟವಲ್ಲನ್ನು ಮುಖದ ಮೇಲೆ ಹಾಕಿಕೊಂಡ.

*

ಮಾರನೆಯ ದಿನ ಆಧಾರ್ ಕಾರ್ಡು ತೋರಿಸಿ ಸೊನ್ನೆ ಟಿಕೆಟ್ಟು ತೆಗೆದುಕೊಂಡು ಶಿವಾಜಿನಗರಕ್ಕೆ ಬಸ್ಸು ಹತ್ತಿದಳು. ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಹೂ ಮಾರುವವಳನ್ನು ಕೇಳಿದಳು. "ಗೊರವಂಕದ ಅಂಗಡಿ ಎಲ್ಲಿ?"

ಹೂವಿನವಳು ತಮಿಳಿನಲ್ಲಿ ಪಕ್ಕದವಳನ್ನು ಕೇಳಿದಳು. ಪಕ್ಕದವಳು ಇನ್ನೊಬ್ಬನನ್ನು ಕೇಳಿದಳು. "ಗೊರವಂಕ ಅಂದ್ರೆ ಮೈನಾ. ಮೈನಾ ಬೇಕಂತೆ ಅಮ್ಮಂಗೆ," ಅಂತ ತೀರ್ಮಾನವಾಯಿತು. ಒಬ್ಬ ಮುಂದೆ ನಡೆದು ದಾರಿ ತೋರಿಸಿದ. ಹೋಗಿ ನೋಡಿದರೆ ಹಕ್ಕಿ ಮಾರುವ ಅಂಗಡಿ. ನೆಲದಿಂದ ಸೂರಿನ ತನಕ ಪಂಜರ, ಕಿಚಿಪಿಚಿ, ನೆಲ್ಲು ಹೊಟ್ಟಿನ ವಾಸನೆ.

"ಬನ್ನಿ ಅಮ್ಮ, ಮೈನಾ ಸಾಕೋದು ಕಾನೂನಲ್ಲಿ ಇಲ್ಲ. ಲವ್‌ಬರ್ಡ್ಸ್ ತಗೊಳ್ಳಿ, ಜೋಡಿ," ಅಂದ ಅಂಗಡಿಯವನು.

"ನನಗೆ ಹಕ್ಕಿ ಬೇಡಪ್ಪ. ಕೊಕ್ಕರೆ ಬೇಕು."

ಅವನು ಅವಳನ್ನು ಮೇಲಿಂದ ಕೆಳಗೆ ನೋಡಿದ. "ಕೊಕ್ಕರೆ ಇಲ್ಲಿ ಯಾಕಮ್ಮ ಇರುತ್ತೆ? ಹಲಸೂರು ಕೆರೆಗೆ ಹೋಗಿ, ಬೇಕಾದಷ್ಟಿವೆ."

"ನಾನು ಅಲ್ಲಿಂದಲೇ ಬಂದಿದ್ದು."

ಅಂಗಡಿಯಲ್ಲಿದ್ದವರೆಲ್ಲಾ ನಕ್ಕರು. ಆಂಜನಮ್ಮನಿಗೂ ನಗು ಬಂತು. ಕೊಕ್ಕರೆ ಹುಡುಕಿಕೊಂಡು ಹಕ್ಕಿ ಅಂಗಡಿಗೆ ಹೋದಳಂತೆ! ಇದನ್ನು ಮನೆಗೆ ಹೋಗಿ ಹೇಳಿದರೆ ಅವನು ಹೊಟ್ಟೆ ಹಿಡಿದುಕೊಂಡು ಬೀಳುತ್ತಾನೆ ಅಂತ ಅನ್ನಿಸಿತು. ಆಮೇಲೆ ನೆನಪಾಯಿತು. ಅವಸರದಲ್ಲಿ ಹೊರಗೆ ಬಂದಳು.

ಗುಜರಿ ಗಲ್ಲಿಗೆ ಹೋದಳು. ಅಲ್ಲಿ ಎರಡೂ ಕಡೆ ಅಂಗಡಿ. ಬೈಕಿನ ಎಂಜಿನ್ನು, ಆಟೋ ಬಾಗಿಲು, ಫ್ಯಾನಿನ ರೆಕ್ಕೆ, ಗುಡ್ಡೆ ಗುಡ್ಡೆ. ನಾಲ್ಕು ಅಂಗಡಿಯಲ್ಲಿ ಕೇಳಿದಳು. ಮರ ಕೊಯ್ಯೋ ಮಿಷನ್ನು, ಹಳೇದು.

"ಯಾವ ಕಂಪನಿ?"

"ಗೊತ್ತಿಲ್ಲ."

"ಎಷ್ಟು ಸಿಸಿ?"

"ಅದೇನದು?"

"ಏನೂ ಗೊತ್ತಿಲ್ದೆ ಹೆಂಗೆ ಹುಡುಕ್ತೀರಾ ಅಮ್ಮ? ಏನಾದ್ರೂ ಒಂದು ಗುರುತು ಹೇಳಿ."

ಕಾಲು ಸೋತಿತ್ತು. ಬಿಸಿಲು ನೆತ್ತಿಗೆ ಏರಿತ್ತು. ಗುರುತು ಅಂದರೆ ಅವಳ ಹತ್ತಿರ ಇದ್ದದ್ದು ಒಂದೇ. ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು. ಗಲ್ಲಿಯ ಮಧ್ಯೆ ನಿಂತು, ನಾಚಿಕೆ ಬಿಟ್ಟು, ಹೊಟ್ಟೆಯಿಂದ ಗಾಳಿ ಎಳೆದುಕೊಂಡಳು.

"ಖೊಹ್ ಖೊಹ್... ಹಿಕ್... ಗ್ರಾಂ‌ಂ‌ಂ‌ಂ‌ಂ!"

ಸುತ್ತಿಗೆ ಹೊಡೆಯುತ್ತಿದ್ದವರು ನಿಲ್ಲಿಸಿದರು. ಒಬ್ಬ ಸ್ಕೂಟರಿನವನು ಬ್ರೇಕು ಹಾಕಿದ. ಮುಂದೆ ಎಲ್ಲೋ ಒಂದು ಅಂಗಡಿಯ ಒಳಗಿನಿಂದ ಹೆಂಗಸಿನ ಧ್ವನಿ ಬಂತು.

"ಮುನ್ರಾಜಣ್ಣಾ! ಬಂದ್ರಾ ಕೊನೇಗೂ!"

ತಲೆಯ ಮೇಲೆ ದುಪಟ್ಟಾ ಎಳೆದುಕೊಳ್ಳುತ್ತಾ ಒಬ್ಬಳು ಓಡಿ ಬಂದಳು. ಆಂಜನಮ್ಮನನ್ನು ಕಂಡು ನಿಂತಳು. ಆಚೆ ಈಚೆ ನೋಡಿದಳು.

"ಅಣ್ಣ ಎಲ್ಲಿ? ಈ ಸದ್ದು ಅವರು ಬಿಟ್ರೆ ಯಾರೂ ಮಾಡಲ್ಲ. ನೀವು ಯಾರು? ಅಕ್ಕನಾ? ಚೊಂಬು ಎಸೆದ ಅಕ್ಕನಾ? ಅಯ್ಯೋ ಬನ್ನಿ ಬನ್ನಿ, ಕೂತ್ಕೊಳ್ಳಿ. ನಾನು ಸಾಬಿರಾ. ಎಷ್ಟ್ ಸಲ ಫೋನ್ ಮಾಡ್ದೆ ಗೊತ್ತಾ? ಸ್ವಿಚ್ ಆಫು, ಸ್ವಿಚ್ ಆಫು. ನಾಳೇನೇ ಬರ್ತೀನಿ ಅಂದೋರು, ಬರ್ಲೇ ಇಲ್ಲ. ನನ್ ಮೇಲೆ ಕೋಪ ಏನೋ ಅಂದ್ಕೊಂಡೆ. ಎಲ್ಲಿ ಅವರು, ಬಸ್‌ಸ್ಟ್ಯಾಂಡಲ್ಲಿ ನಿಂತ್ರಾ?"

ಗೊರವಂಕವೇ. ಸಂಶಯವಿಲ್ಲ.

"ಹೋಗ್ಬಿಟ್ರಮ್ಮ," ಅಂದಳು ಆಂಜನಮ್ಮ. "ನೀನು ಫೋನ್ ಮಾಡಿದ ಮಾರನೇ ದಿನ ಬೆಳಿಗ್ಗೇನೇ."

ಸಾಬಿರಾ ಸುಮ್ಮನಾದಳು. ಅವಳು ಸುಮ್ಮನಾದದ್ದನ್ನು ನೋಡಿ ಅಕ್ಕಪಕ್ಕದ ಅಂಗಡಿಯವರು ಎದ್ದು ಬಂದರು. ಅವಳು ಅಲ್ಲೇ ಒಂದು ಟೈರಿನ ಮೇಲೆ ಕೂತು ದುಪಟ್ಟಾದಲ್ಲಿ ಕಣ್ಣು ಒತ್ತಿಕೊಂಡಳು. ಆಂಜನಮ್ಮ ಪಕ್ಕದ ಟೈರಿನ ಮೇಲೆ ಕೂತಳು. ಯಾರೋ ಟೀ ತಂದುಕೊಟ್ಟರು. ಕುಡಿದರು.

"ನಿನಗೆ ಗೊರವಂಕ ಅಂತ ಹೆಸರಿಟ್ಟಿದ್ರು."

"ಹಂಗಂದ್ರೆ?"

"ಮೈನಾ. ಬಾಯಿ ಮುಚ್ಚಲ್ಲ ಅಂತ."

ಸಾಬಿರಾ ಅಳುತ್ತಲೇ ನಕ್ಕಳು. "ನಮ್ ಅತ್ತೇನೂ ಅದನ್ನೇ ಹೇಳೋದು." ಎದ್ದಳು. "ಬನ್ನಿ ಅಕ್ಕಾ. ಅವರ ಅಮಾನತ್ತು, ಅವರಿಗೆ ಅಂತ ಎತ್ತಿಟ್ಟಿದ್ದು, ನನ್ ಹತ್ರ ಇದೆ. ಯಾರಿಗೂ ಕೊಟ್ಟಿಲ್ಲ."

ಅಂಗಡಿಯ ಒಳಗೆ, ಮೂಟೆಯ ಹಿಂದೆ, ಹಳೇ ಬೆಡ್‌ಶೀಟು ಸುತ್ತಿ ಇಟ್ಟಿತ್ತು. ಸಾಬಿರಾ ಬಿಚ್ಚಿದಳು. ಉದ್ದ ಕೊಕ್ಕು. ಅದೇ ಹಿಡಿ. ಹಿಡಿಯ ಮೇಲೆ ಅಮೃತಪ್ಪ ಸುತ್ತಿದ್ದ ಸೈಕಲ್ ಟ್ಯೂಬು ಹಾಗೇ ಇತ್ತು. ಅದರೊಳಗೆ ಮುನಿರಾಜಪ್ಪನ ಬೆರಳು ಕೂತು ಕೂತು ಮಾಡಿದ ನಾಲ್ಕು ಗುಳಿ. ಆಂಜನಮ್ಮ ತನ್ನ ಬೆರಳನ್ನು ಅಲ್ಲಿ ಇಟ್ಟಳು. ಗುಳಿ ದೊಡ್ಡದು, ಬೆರಳು ಚಿಕ್ಕದು. ಆಮೇಲೆ ಕೈಯನ್ನು ಮೇಲಕ್ಕೆ ಜಾರಿಸಿದಳು, ತಲೆಯ ಮುಚ್ಚಳಕ್ಕೆ.

ನುಣ್ಣಗಿತ್ತು.

ಮತ್ತೆ ಸವರಿದಳು. ಈ ಕಡೆ, ಆ ಕಡೆ. ಮುಚ್ಚಳ ಕನ್ನಡಿಯ ಹಾಗೆ, ಹೊಸ ಕೆಂಪು ಬಣ್ಣ.

"ಅಣ್ಣ ಹೇಳಿದ್ರಲ್ಲ, ತಲೆ ಮೇಲೆ ನೆಗ್ಗಿದ್ರೆ ಅದೇ ಕೊಕ್ಕರೆ ಅಂತ. ನೆಗ್ಗು ನೋಡೇ ಹಿಡಿದೆ ನಾನು," ಅಂದಳು ಸಾಬಿರಾ. "ಫೋನ್ ಮಾಡಿ ಹೇಳ್ದೆ. ಆಮೇಲೆ ಅವರು ಬರೋದ್ರೊಳಗೆ ನೀಟಾಗಿರಲಿ ಅಂತ ನಮ್ ಟಿಂಕರ್ ಹತ್ರ ತಟ್ಟಿಸಿ ಪೇಂಟ್ ಹೊಡೆಸಿಟ್ಟೆ. ಚೆನ್ನಾಗಿದೆ ಅಲ್ವಾ ಅಕ್ಕಾ? ಗೊತ್ತೇ ಆಗಲ್ಲ ಅಲ್ವಾ?"

ಪಕ್ಕದ ಅಂಗಡಿಯಲ್ಲಿ ಯಾರೋ ಕಬ್ಬಿಣ ತೂಗುತ್ತಿದ್ದರು. ಸಾಬಿರಾಳ ಮುಖ ಮಗುವಿನ ಹಾಗೆ ಕಾಯುತ್ತಿತ್ತು. ಮೂರು ತಿಂಗಳಿಗೂ ಮೇಲೆ ಬೆಡ್‌ಶೀಟು ಸುತ್ತಿ ಕಾಪಾಡಿದವಳು. ಅವಳಿಗೆ ಏನು ಹೇಳುವುದು?

"ಚೆನ್ನಾಗಿದೆಯಮ್ಮ," ಅಂದಳು ಆಂಜನಮ್ಮ. "ಗೊತ್ತೇ ಆಗಲ್ಲ."

ಎಳೆಯುವ ಹಗ್ಗ ಹಿಡಿದು ಜಗ್ಗಿದಳು. ಬರಲಿಲ್ಲ.

"ಒಳಗಡೆ ಹಿಡ್ಕೊಂಡಿದೆ ಅಕ್ಕಾ. ಅಲ್ಲಿಗೆ ನಾನು ಕೈ ಹಾಕಿಲ್ಲ. ಅಣ್ಣಾನೇ ಬಿಚ್ತೀನಿ ಅಂದಿದ್ರು."

ಸಾಬಿರಾ ಆಟೋ ಕರೆಸಿ, ಮಿಷನ್ನನ್ನು ತಾನೇ ಎತ್ತಿ ಇಟ್ಟಳು. ಆಟೋ ಹೊರಡುವ ತನಕ ಮಾತಾಡುತ್ತಲೇ ಇದ್ದಳು.

*

ಮನೆಗೆ ಬಂದು ಕೊಕ್ಕರೆಯನ್ನು ಎಂಟನೆಯ ಜಾಗದಲ್ಲಿ ಇಟ್ಟಳು. ಸರಿಯಾಗಿ ಕೂತಿತು. ದೂರ ನಿಂತು ನೋಡಿದಳು. ಎಂಟೂ ಇವೆ. ಆದರೆ ಅದು ಅವನು ಹುಡುಕಿದ ಕೊಕ್ಕರೆಯಲ್ಲ, ಯಾರದೋ ಮನೆಯ ಕೊಕ್ಕರೆ ಬಂದು ಕೂತ ಹಾಗೆ ಕಂಡಿತು.

ಒಳಗೆ ಹೋಗಿ ಚೊಂಬು ತಂದಳು. ಅದೇ ಚೊಂಬು. ಅದರ ಹೊಟ್ಟೆಯ ನೆಗ್ಗು ಹಾಗೇ ಇತ್ತು, ದಿನಾ ತೊಳೆಯುವಾಗ ಹೆಬ್ಬೆರಳು ಅಲ್ಲೇ ಕೂರುತ್ತೆ. ಮಿಷನ್ನನ್ನು ನೆಲಕ್ಕೆ ಇಳಿಸಿದಳು. ನಾಲ್ಕು ಹೆಜ್ಜೆ ಹಿಂದೆ ಸರಿದಳು. ಎಸೆದಳು.

ಠಣ್ ಅಂತು. ಚೊಂಬು ಉರುಳಿಕೊಂಡು ಬಾಗಿಲ ಹತ್ತಿರ ಹೋಯಿತು. ಬಗ್ಗಿ ನೋಡಿದಳು. ಬಣ್ಣ ಒಂದು ಕೂದಲಿನಷ್ಟು ಕೆರೆದಿತ್ತು. ಅಷ್ಟೇ. ಇನ್ನೊಂದು ಸಲ ಎಸೆದಳು, ಜೋರಾಗಿ. ಅದೂ ಅಷ್ಟೇ.

ಸಿಟ್ಟು ಬರಬೇಕು ಅಂತ ನಿಂತು ನೋಡಿದಳು. ಬರಲಿಲ್ಲ. ಬೈಯೋಕೆ ಎದುರಿಗೆ ಆಳಿರಬೇಕು. ಚೊಂಬನ್ನು ಎತ್ತಿಕೊಂಡು ಅಲ್ಲೇ ನೆಲದ ಮೇಲೆ ಕೂತಳು. ಆಗ ಅತ್ತಳು. ಅವನು ಹೋದ ಮೇಲೆ ಅವಳು ಗಟ್ಟಿಯಾಗಿ ಅತ್ತಿದ್ದು ಅವತ್ತೇ ಮೊದಲು. ಗಲ್ಲಿಯಲ್ಲಿ ಯಾರೂ ಬಂದು ನೋಡಲಿಲ್ಲ. ಆ ಮನೆಯಲ್ಲಿ ಕೂಗು ಯಾರಿಗೂ ಹೊಸದಲ್ಲ.

ಭಾನುವಾರ ಹಂಸ ಬಂದಳು. ಎಂಟು ಮಿಷನ್ನು ಎಣಿಸಿದಳು.

"ಜಾಗ ತುಂಬ್ತಲ್ಲಮ್ಮ. ಈಗ ಬರ್ತೀಯಾ?"

"ಇದು ಹಿಡ್ಕೊಂಡಿದೆ. ಬಿಡಲಿ."

"ಯಾವಾಗ ಬಿಡುತ್ತೆ?"

"ನಿಮ್ಮಪ್ಪ ಗೂಬೆಗೆ ಎಂಟು ತಿಂಗಳು ತಗೊಂಡಿದ್ರು. ದಿನಾ ಒಂದು ಸಲ ಎಣ್ಣೆ, ದಿನಾ ಒಂದು ಸಲ ಎಳೆಯೋದು. ಆತುರಪಟ್ರೆ ಹಗ್ಗ ಕಿತ್ಹೋಗುತ್ತೆ ಅಂತಿದ್ರು."

ಹಂಸ ಪೊರಕೆ ತೆಗೆದುಕೊಂಡಳು. ಹಲಗೆಯ ಕೆಳಗೆ ಗುಡಿಸಿದಳು, ಎಣ್ಣೆ ಡಬ್ಬಿಯನ್ನು ಮಾತ್ರ ಮುಟ್ಟಲಿಲ್ಲ.

ಈಗ ಬೆಳಿಗ್ಗೆ ಆಂಜನಮ್ಮ ಎದ್ದು ಚೊಂಬಿನಲ್ಲಿ ನೀರು ತಂದು ಬಾಗಿಲಿಗೆ ಹಾಕುತ್ತಾಳೆ. ಒಂದೆರಡು ಎಳೆ ರಂಗೋಲಿ ಬಿಡುತ್ತಾಳೆ. ಒಳಗೆ ಬಂದು ಒಲೆ ಹಚ್ಚುವ ಮುಂಚೆ ಹಲಗೆಯ ಮುಂದೆ ನಿಲ್ಲುತ್ತಾಳೆ. ಗಿಣಿಯ ಹಗ್ಗ ಒಂದು ಸಲ ಎಳೆಯುತ್ತಾಳೆ. ಪೆಟ್ರೋಲಿಲ್ಲ, ಕೂಗುವುದಿಲ್ಲ, ಒಳಗೆ ಒಂದು ಉಸಿರು ಎಳೆದು ಬಿಟ್ಟ ಹಾಗೆ ಸದ್ದಾಗುತ್ತೆ. ಆಮೇಲೆ ಕಾಜಾಣ. ಆಮೇಲೆ ಗೂಬೆ. ಒಂದೊಂದಕ್ಕೂ ಒಂದೊಂದು ಉಸಿರು. ಎಲ್ಲಾ ಮುಗಿದ ಮೇಲೆ ಕೊಕ್ಕರೆಯ ಪ್ಲಗ್ಗಿನ ತೂತಿಗೆ ಎರಡು ತೊಟ್ಟು ಎಣ್ಣೆ ಬಿಡುತ್ತಾಳೆ. ಹಿಡಿಯ ನಾಲ್ಕು ಗುಳಿಗೆ ಬೆರಳು ಕೂರಿಸಿ, ಹಗ್ಗ ಹಿಡಿದು, ಮೆಲ್ಲಗೆ ಎಳೆಯುತ್ತಾಳೆ. ಬರುವುದಿಲ್ಲ.

"ನಾಳೆ ಬರ್ತೀನಿ," ಅಂತ ಗಟ್ಟಿಯಾಗಿ ಹೇಳಿ, ಕೈಯ ಎಣ್ಣೆಯನ್ನು ಸೆರಗಿಗೆ ಒರೆಸಿಕೊಂಡು ಹಾಲು ತರೋಕೆ ಹೋಗುತ್ತಾಳೆ.